ಅರವತ್ತರ ಆಚೆ ಆಸ್ಪತ್ರೆ ಬಿಲ್ಲು ಯಾರದು?

ಕರ್ನಾಟಕದ ಸರ್ಕಾರಿ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಖಾಸಗಿ ಕಂಪನಿ, ಕಾರ್ಖಾನೆಗಳಲ್ಲಿ ಬಹುಮಟ್ಟಿಗೆ 58ಕ್ಕೇ ಬೀಳ್ಕೊಡುಗೆ. ಹಾರ, ಶಾಲು, ಫಲತಾಂಬೂಲದ ಮಾರನೆಯ ದಿನದಿಂದ ಸಂಬಳವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಮನೆಯವರು ಅದಕ್ಕೆ ಅಣಿಯಾಗಿಯೂ ಇರುತ್ತಾರೆ. ಆದರೆ ಕಂಪನಿ ಮಾಡಿಸಿದ್ದ ಗುಂಪು ಆರೋಗ್ಯ ವಿಮೆಯೂ ಕೆಲಸದ ಜೊತೆಗೇ ಮುಗಿಯುತ್ತದೆ ಎಂಬುದು ಅನೇಕರಿಗೆ ತಿಳಿಯುವುದು ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೇಳಿದಾಗಲೇ. ಇತ್ತ ಆದಾಯ ನೋಡದೆ ಎಲ್ಲ ಹಿರಿಯರಿಗೂ ಕೇಂದ್ರ ಸರ್ಕಾರ ಘೋಷಿಸಿರುವ 5 ಲಕ್ಷ ರೂಪಾಯಿಯ ರಕ್ಷಣೆ ಶುರುವಾಗುವುದು 70ಕ್ಕೆ. ನಡುವೆ ಹತ್ತು ಹನ್ನೆರಡು ವರ್ಷಗಳ ಅಂತರ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ, ಮೂತ್ರಪಿಂಡ, ಮಂಡಿ, ಕಣ್ಣು, ಇವೆಲ್ಲ ಒಂದೊಂದಾಗಿ ಕೈಕೊಡುವುದು ಈ ವರ್ಷಗಳಲ್ಲೇ.

ನಮ್ಮಲ್ಲಿ ಯೋಜನೆಗಳ ಕೊರತೆಯಿಲ್ಲ. ಒಂದು ಯೋಜನೆ ಕೇಂದ್ರ ನೌಕರರಿಗೆ, ಒಂದು ಮಾಜಿ ಸೈನಿಕರಿಗೆ, ಒಂದು ಕಾರ್ಮಿಕರಿಗೆ, ಒಂದು ಬಡತನ ರೇಖೆಗಿಂತ ಕೆಳಗಿನವರಿಗೆ, ಒಂದು ಸಹಕಾರ ಸಂಘದ ಸದಸ್ಯರಿಗೆ. ಕೌದಿಯಲ್ಲಾದರೆ ಬಣ್ಣಬಣ್ಣದ ತುಂಡುಗಳನ್ನು ಸೇರಿಸಿ ಹೊಲಿದಿರುತ್ತಾರೆ. ಇಲ್ಲಿ ತುಂಡುಗಳಿವೆ, ಹೊಲಿಗೆಯಿಲ್ಲ. ಯಾವ ತುಂಡಿಗೆ ಯಾರು ಸೇರುತ್ತಾರೆ, ಎಲ್ಲೆಲ್ಲಿ ಬಿಟ್ಟುಹೋಗಿದೆ, ಏಕೆ ಬಿಟ್ಟುಹೋಗಿದೆ ಎಂದು ಒಮ್ಮೆ ಕ್ರಮವಾಗಿ ನೋಡಬೇಕಾಗಿದೆ.

ಖರ್ಚಿನ ಲೆಕ್ಕ

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯಂತೆ 2022ರಲ್ಲಿ ಭಾರತದಲ್ಲಿ 60 ದಾಟಿದವರ ಸಂಖ್ಯೆ ಸುಮಾರು 14.9 ಕೋಟಿ. 2050ರ ಹೊತ್ತಿಗೆ ಅದು 34.7 ಕೋಟಿಯಾಗಲಿದೆ. ಅಂದರೆ ಐವರಲ್ಲಿ ಒಬ್ಬರು ಹಿರಿಯ ನಾಗರಿಕರು. ಮಕ್ಕಳ ಸಂಖ್ಯೆ ಮೊದಲೇ ಇಳಿದಿರುವ ದಕ್ಷಿಣದ ರಾಜ್ಯಗಳು ಈ ದಾರಿಯಲ್ಲಿ ಉಳಿದವರಿಗಿಂತ ಮುಂದಿವೆ.

2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು, ಒಮ್ಮೆ ಆಸ್ಪತ್ರೆಗೆ ದಾಖಲಾದರೆ ಆಗುವ ಸರಾಸರಿ ವೆಚ್ಚವನ್ನು ಅಳೆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಐದು ಸಾವಿರದೊಳಗೇ ಇತ್ತು. ಖಾಸಗಿ ಆಸ್ಪತ್ರೆಯಲ್ಲಿ ಹಳ್ಳಿಯವರಿಗೆ ಸುಮಾರು 27 ಸಾವಿರ, ಪಟ್ಟಣದವರಿಗೆ ಸುಮಾರು 39 ಸಾವಿರ ರೂಪಾಯಿ. ಇದು ಎಲ್ಲ ವಯಸ್ಸಿನವರ ಸರಾಸರಿ, ಅದೂ ಆಗಿನ ಬೆಲೆಯಲ್ಲಿ. ಈಗ ಆದಾಯದ ಕಡೆ ನೋಡಿ. ಕಾರ್ಮಿಕರ ಭವಿಷ್ಯ ನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಲಾಯಿತು. ರಾಜ್ಯದ ಸಂಧ್ಯಾ ಸುರಕ್ಷಾ ವೇತನ ತಿಂಗಳಿಗೆ 1,200 ರೂಪಾಯಿ. ಸಂಧ್ಯಾ ಸುರಕ್ಷಾವನ್ನೇ ನಂಬಿದ ಹಳ್ಳಿಯ ಅಜ್ಜಿಯೊಬ್ಬರು 2017–18ರ ಸರಾಸರಿ ದರದಲ್ಲೇ ಒಮ್ಮೆ ಖಾಸಗಿ ಆಸ್ಪತ್ರೆಗೆ ದಾಖಲಾದರೂ ಸುಮಾರು ಎರಡು ವರ್ಷದ ವೇತನ ಅಲ್ಲಿಗೆ ಮುಗಿಯುತ್ತದೆ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎನ್ನುತ್ತದೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಇದು ಸಣ್ಣ ಸಾಧನೆಯಲ್ಲ. ಆದರೆ ಸರಾಸರಿ ಇಳಿಯಿತು ಎಂದ ಮಾತ್ರಕ್ಕೆ ಅತಿ ಹೆಚ್ಚು ಕಾಯಿಲೆ ಬೀಳುವವರ ಹೊರೆಯೂ ಅಷ್ಟೇ ಇಳಿಯಿತು ಎಂದಾಗುವುದಿಲ್ಲ. ಆಯುಷ್ಮಾನ್ ಭಾರತ್ ಬರುವ ಮುಂಚೆ, 2017–18ರಲ್ಲಿ ಶುರುವಾದ ಭಾರತದ ವೃದ್ಧಾಪ್ಯ ಕುರಿತ ದೀರ್ಘಾವಧಿ ಅಧ್ಯಯನದಲ್ಲಿ 60 ದಾಟಿದವರ ಪೈಕಿ ಯಾವುದಾದರೊಂದು ಆರೋಗ್ಯ ವಿಮೆ ಇದ್ದವರು ನೂರಕ್ಕೆ 18 ಮಂದಿ ಮಾತ್ರ. ನಮ್ಮ ಹಿರಿಯರು ಹೊರಟ ಜಾಗ ಅಷ್ಟು ಹಿಂದಿತ್ತು.

ಯಾರಿಗೆ ಯಾವ ರಕ್ಷಣೆ

ಎಲ್ಲರಿಗಿಂತ ನೆಮ್ಮದಿಯಿಂದ ಇರುವವರು ಕೇಂದ್ರ ಸರ್ಕಾರದ ನಿವೃತ್ತರು. 1954ರಲ್ಲಿ ದೆಹಲಿಯಲ್ಲಿ ಶುರುವಾದ ಅವರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಇಂದು ಬೆಂಗಳೂರಿನಲ್ಲೂ ಇದೆ. ಪಿಂಚಣಿದಾರರು ತಿಂಗಳ ವಂತಿಗೆ ಕಟ್ಟಬಹುದು, ಇಲ್ಲವೇ ಹತ್ತು ವರ್ಷದ ಮೊತ್ತವನ್ನು ಒಂದೇ ಸಲ ಕಟ್ಟಿ ಜೀವನಪರ್ಯಂತ ಕಾರ್ಡು ಪಡೆಯಬಹುದು. ವೈದ್ಯರ ಸಲಹೆ, ದಿನನಿತ್ಯದ ಔಷಧ, ಆಸ್ಪತ್ರೆ ದಾಖಲಾತಿ ಮೂರೂ ಇದರಲ್ಲಿ ಸೇರಿವೆ. ವೃದ್ಧಾಪ್ಯಕ್ಕೆ ಬೇಕಾದ ರಕ್ಷಣೆಯ ಮಾದರಿ ಇದೇ. ತೊಂದರೆಯೆಂದರೆ ಇದು ಆಯ್ದ ನಗರಗಳಿಗೆ ಸೀಮಿತ. ಸಿಜಿಎಚ್‌ಎಸ್ ಇಲ್ಲದ ಊರಿನಲ್ಲಿ ನೆಲೆಸಿದ ಪಿಂಚಣಿದಾರರಿಗೆ ಸಿಗುವ ಭತ್ಯೆ ತಿಂಗಳಿಗೆ 1,000 ರೂಪಾಯಿ. ಮಾಜಿ ಸೈನಿಕರಿಗೆ 2003ರಿಂದ ಇಂಥದೇ ಯೋಜನೆಯಾದ ಇಸಿಎಚ್‌ಎಸ್ ಇದೆ. ಮನೆಮನೆಯಿಂದ ಸೈನ್ಯಕ್ಕೆ ಹೋದವರಿರುವ ಕೊಡಗಿನಂಥ ಜಿಲ್ಲೆಯಲ್ಲಿ ಅದರ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ರಾಜ್ಯ ಸರ್ಕಾರದ ನೌಕರರ ಕಥೆ ಬೇರೆ. ಜ್ಯೋತಿ ಸಂಜೀವಿನಿ ಯೋಜನೆಯನ್ನು ರೂಪಿಸಿದ್ದು ಸೇವೆಯಲ್ಲಿರುವವರಿಗೆ ಮತ್ತು ಅವರ ಅವಲಂಬಿತರಿಗೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆ, ಆ ಕಾಯಿಲೆಗಳು ಹೆಚ್ಚಾಗಿ ಬರುವ ವಯಸ್ಸಿನವರನ್ನು ಹೊರಗಿಟ್ಟು ಶುರುವಾಯಿತು. ತಮಗೂ ಇಂಥ ರಕ್ಷಣೆ ಬೇಕೆಂಬುದು ನಿವೃತ್ತ ನೌಕರರ ಸಂಘಗಳ ಹಳೆಯ ಬೇಡಿಕೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟರಿಗೆ, ಹಳ್ಳಿ ಹಳ್ಳಿ ಸುತ್ತಿ ಲಸಿಕೆ ಹಾಕಿದ ಆರೋಗ್ಯ ಸಹಾಯಕಿಗೆ ಸರ್ಕಾರ ಸಲ್ಲಿಸಬೇಕಾದ ಕನಿಷ್ಠ ಕೃತಜ್ಞತೆ ಇದು.

ಕಾರ್ಮಿಕರಿಗೆ 1948ರ ಕಾಯ್ದೆಯಡಿ ಶುರುವಾದ ವಿಮಾ ಯೋಜನೆ ಇಎಸ್‌ಐ ಇದೆ. ಐದು ವರ್ಷವಾದರೂ ವಿಮಾದಾರರಾಗಿದ್ದು, ವಯೋನಿವೃತ್ತಿ ಹೊಂದಿದವರು ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ರೂಪಾಯಿ ಕಟ್ಟಿ, ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಸೌಲಭ್ಯ ದೇಶದಲ್ಲಿ ವಿರಳ, ಆದರೆ ಇದನ್ನು ಬಲ್ಲವರೇ ಕಡಿಮೆ. ಇದಕ್ಕೂ ಒಂದು ಮಿತಿಯಿದೆ. ತಿಂಗಳ ವೇತನ 21,000 ರೂಪಾಯಿ ದಾಟಿದರೆ ಇಎಸ್‌ಐ ವ್ಯಾಪ್ತಿಯಿಂದ ಆಚೆ. ನಿವೃತ್ತಿಗೆ ಮುಂಚೆ ಹೀಗೆ ಆಚೆ ಹೋದವರಿಗೆ 2024ರಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟಿದ್ದಾರೆ. ಆದರೆ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿದು, ಬೆನ್ನು ಮತ್ತು ಕಣ್ಣು ಸೋತು ನಲವತ್ತರ ಆಸುಪಾಸಿನಲ್ಲೇ ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ‘ವಯೋನಿವೃತ್ತಿ’ಯ ದಿನ ಬರುವುದೇ ಇಲ್ಲ. ವರ್ಷಗಟ್ಟಲೆ ವಂತಿಗೆ ಕಟ್ಟಿದವರು ಕಾಯಿಲೆಯ ವಯಸ್ಸಿಗೆ ಬಂದಾಗ ಬರಿಗೈಯಲ್ಲಿರುತ್ತಾರೆ.

ಬಡ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುವ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ರೋಗಿಯದು. ತಿಂಗಳಿಗೆ ಎರಡು ಮೂರು ಸಾವಿರ ಪಿಂಚಣಿ ಬರುವ ನಿವೃತ್ತ ಕಾರ್ಖಾನೆ ನೌಕರ ಮಗನ ಸಂಬಳದಿಂದಾಗಿ ಎಪಿಎಲ್ ಆಗಿರುತ್ತಾನೆ. ಮಗನಿಗೆ ಅವನದೇ ಸಂಸಾರ, ಸಾಲ, ಮಕ್ಕಳ ಫೀಸು. ಕಾಗದದ ಮೇಲೆ ಈ ಅಪ್ಪ ಬಡವನಲ್ಲ, ಔಷಧದ ಅಂಗಡಿಯಲ್ಲಿ ಮಾತ್ರ ಬಡವ.

70 ದಾಟಿದವರಿಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿ, ಅಕ್ಟೋಬರ್ 29ರಂದು ಚಾಲನೆಗೊಂಡ ಆಯುಷ್ಮಾನ್ ವಯ ವಂದನಾ ಕಾರ್ಡು ದೊಡ್ಡ ಹೆಜ್ಜೆ. ಆದಾಯದ ಮಿತಿಯಿಲ್ಲ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯಿಲ್ಲ. ಸುಮಾರು ನಾಲ್ಕೂವರೆ ಕೋಟಿ ಕುಟುಂಬಗಳ ಆರು ಕೋಟಿ ಹಿರಿಯರಿಗೆ ಇದನ್ನು ಉದ್ದೇಶಿಸಲಾಗಿದೆ. ಖಾಸಗಿ ವಿಮೆ ಇದ್ದವರೂ ಪಡೆಯಬಹುದು. ಸಿಜಿಎಚ್‌ಎಸ್, ಇಸಿಎಚ್‌ಎಸ್ ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆದರೆ ಕಾರ್ಡು ಕೈಗೆ ಬಂದರೆ ಸಾಲದು. ಎಲ್ಲ ಖಾಸಗಿ ಆಸ್ಪತ್ರೆಗಳೂ ಪಟ್ಟಿಯಲ್ಲಿಲ್ಲ. ಪ್ಯಾಕೇಜ್ ದರ ಕಡಿಮೆ, ಬಾಕಿ ಪಾವತಿ ತಡ ಎಂಬುದು ಆಸ್ಪತ್ರೆಗಳ ದೂರು. ಕಾಯಿಲೆ ಬಂದ ದಿನ ಅಲೆಯುವ ಬದಲು ತಮ್ಮ ಊರಿನಲ್ಲಿ ಯಾವ ಆಸ್ಪತ್ರೆ ಈ ಕಾರ್ಡನ್ನು ಒಪ್ಪುತ್ತದೆ ಎಂದು ಮೊದಲೇ ವಿಚಾರಿಸಿಡಬೇಕು.

ಬ್ಯಾಂಕ್ ನಿವೃತ್ತರು ಕಲಿಸಿದ ಪಾಠ

ಇಡೀ ಸಮಸ್ಯೆಯ ಬೇರು ಕಾಣಬೇಕಾದರೆ ಬ್ಯಾಂಕ್ ನಿವೃತ್ತರ ಅನುಭವವನ್ನು ನೋಡಬೇಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಹುಟ್ಟಿದ ಕರಾವಳಿಯಿಂದ ಹಿಡಿದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರೆಗೆ ಬ್ಯಾಂಕ್ ನಿವೃತ್ತರಿಲ್ಲದ ಬಡಾವಣೆ ನಮ್ಮಲ್ಲಿಲ್ಲ. 2015ರ ವೇತನ ಒಪ್ಪಂದದ ನಂತರ ಭಾರತೀಯ ಬ್ಯಾಂಕುಗಳ ಸಂಘದ ಮೂಲಕ ಗುಂಪು ಆರೋಗ್ಯ ವಿಮೆ ಬಂತು. ಸೇವೆಯಲ್ಲಿರುವವರ ಪ್ರೀಮಿಯಂ ಬ್ಯಾಂಕ್ ಕಟ್ಟುತ್ತದೆ. ನಿವೃತ್ತರು ಬೇಕಾದರೆ ಸೇರಬಹುದು, ಆದರೆ ಪ್ರೀಮಿಯಂ ಅವರದೇ. ಕೆಲವೇ ವರ್ಷಗಳಲ್ಲಿ ನಿವೃತ್ತರ ಪ್ರೀಮಿಯಂ ಹಲವು ಪಟ್ಟು ಏರಿತು. ಮೂಲ ಪಿಂಚಣಿ ಪರಿಷ್ಕರಣೆಯಾಗದೆ ಕುಳಿತವರಿಗೆ ಅದನ್ನು ಕಟ್ಟುವುದು ಕಷ್ಟವಾಯಿತು. ಕೆಲವರು ವಿಮೆಯ ಮೊತ್ತ ಇಳಿಸಿಕೊಂಡರು, ಕೆಲವರು ಮನೆಯಲ್ಲೇ ಪಡೆಯುವ ಚಿಕಿತ್ಸೆಯ ಸೌಲಭ್ಯ ಬಿಟ್ಟರು, ಕೆಲವರು ಪಾಲಿಸಿಯನ್ನೇ ಬಿಟ್ಟರು.

ಇದು ಯಾವುದೋ ಒಂದು ಕಂಪನಿಯ ದುರಾಸೆಯಿಂದ ಮಾತ್ರ ಆದದ್ದಲ್ಲ, ವಿಮೆಯ ಗಣಿತವೇ ಹೀಗೆ. ವಿಮೆ ನಡೆಯುವುದು ಕಾಯಿಲೆ ಬೀಳದವರ ಹಣದಿಂದ ಕಾಯಿಲೆ ಬಿದ್ದವರಿಗೆ ಕೊಡುವುದರಿಂದ. ವಯಸ್ಸಾದವರನ್ನಷ್ಟೇ ಬೇರೆ ಗುಂಪು ಮಾಡಿದರೆ ಆ ಗುಂಪಿನಲ್ಲಿ ಹೆಚ್ಚು ಮಂದಿ ಕ್ಲೇಮು ಮಾಡುವವರೇ ಆಗುತ್ತಾರೆ. ಪ್ರೀಮಿಯಂ ಏರುತ್ತದೆ. ಏರಿದಾಗ ಆರೋಗ್ಯವಾಗಿರುವವರು ಮೊದಲು ಬಿಡುತ್ತಾರೆ. ಉಳಿದವರಲ್ಲಿ ಕಾಯಿಲೆಯವರ ಪ್ರಮಾಣ ಇನ್ನೂ ಹೆಚ್ಚಿ ಮರುವರ್ಷ ಪ್ರೀಮಿಯಂ ಮತ್ತೆ ಏರುತ್ತದೆ. ಸಿಜಿಎಚ್‌ಎಸ್ ಏಳು ದಶಕ ಬಾಳಿದ್ದರೆ ಅದಕ್ಕೆ ಸರ್ಕಾರದ ಹಣದ ಜೊತೆ ಇನ್ನೊಂದು ಕಾರಣವಿದೆ: ಅಲ್ಲಿ ಇಪ್ಪತ್ತೈದರ ಗುಮಾಸ್ತನೂ ಎಂಬತ್ತರ ಪಿಂಚಣಿದಾರನೂ ಒಂದೇ ವ್ಯವಸ್ಥೆಯ ಸದಸ್ಯರು. ನಿವೃತ್ತಿಯ ದಿನ ಮನುಷ್ಯನನ್ನು ಸಹೋದ್ಯೋಗಿಗಳ ಗುಂಪಿನಿಂದ ಬೇರ್ಪಡಿಸುವುದೇ ನಮ್ಮ ವ್ಯವಸ್ಥೆಯ ಮೂಲ ದೋಷ. ಉಳಿದ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಪಾಲಿಸಿಯೊಳಗಿನ ಕಡಿತಗಳು

ಹೀಗೆ ಹೊರಬಿದ್ದವರು ಹೋಗುವುದು ಖಾಸಗಿ ವಿಮಾ ಮಾರುಕಟ್ಟೆಗೆ. ಅಲ್ಲಿ ಈಚೆಗೆ ಒಳ್ಳೆಯ ಬದಲಾವಣೆಗಳಾಗಿವೆ ಎಂಬುದನ್ನು ಒಪ್ಪಲೇಬೇಕು. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ 65ರ ವಯೋಮಿತಿಯ ಹಳೆಯ ಕಟ್ಟುಪಾಡನ್ನು ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಐದು ವರ್ಷ ಸತತವಾಗಿ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮು ತಿರಸ್ಕರಿಸುವಂತಿಲ್ಲ. 2025ರ ಜನವರಿಯಲ್ಲಿ ಪ್ರಾಧಿಕಾರ ಇನ್ನೊಂದು ನಿರ್ದೇಶನ ಕೊಟ್ಟಿತು: ತನ್ನೊಂದಿಗೆ ಸಮಾಲೋಚಿಸದೆ ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಹೋಗಿದೆ. ಗುಂಪು ಪಾಲಿಸಿಗಳಿಗೆ ಆ ವಿನಾಯಿತಿ ಸಿಕ್ಕಿಲ್ಲ.

ಪಾಲಿಸಿ ಕೊಡಲು ಬಾಗಿಲು ತೆರೆದಿದೆ ಸರಿ, ಆದರೆ ಯಾವ ಬೆಲೆಗೆ ಕೊಡಬೇಕು ಎಂಬುದು ಕಂಪನಿಯ ಕೈಯಲ್ಲೇ ಇದೆ. ಒಮ್ಮೆ ಸ್ಟೆಂಟ್ ಹಾಕಿಸಿಕೊಂಡ 63ರ ವ್ಯಕ್ತಿಗೆ ಹೊಸ ಪಾಲಿಸಿ ನಿರಾಕರಿಸುವ ಅವಕಾಶವೂ ಉಳಿದಿದೆ. ಪಾಲಿಸಿ ಸಿಕ್ಕ ಮೇಲೂ ಅದರೊಳಗಿನ ಕಡಿತಗಳು ಮನೆಯ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಸಹಪಾವತಿ ಶೇ 20 ಎಂದಿದ್ದರೆ ಮೂರು ಲಕ್ಷದ ಬಿಲ್ಲಿನಲ್ಲಿ ಅರವತ್ತು ಸಾವಿರ ನಿಮ್ಮದು. ಕೋಣೆ ಬಾಡಿಗೆಯ ಮಿತಿ ದಿನಕ್ಕೆ 5,000 ಇದ್ದು, ಬೇರೆ ಕೋಣೆ ಖಾಲಿಯಿಲ್ಲವೆಂದು 10,000ದ ಕೋಣೆ ಹಿಡಿದರೆ ಹೆಚ್ಚುವರಿ ಬಾಡಿಗೆಯಷ್ಟೇ ನಷ್ಟವಲ್ಲ. ಶಸ್ತ್ರಚಿಕಿತ್ಸಕರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳಲ್ಲೂ ಅರ್ಧ ಕತ್ತರಿಸಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಮಿತಿ. 2020ರಲ್ಲಿ ಎಲ್ಲ ಕಂಪನಿಗಳೂ ಕಡ್ಡಾಯವಾಗಿ ಕೊಡಬೇಕೆಂದು ತಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲೂ ಅದು ವಿಮಾ ಮೊತ್ತದ ಶೇ 25 ಅಥವಾ 40 ಸಾವಿರ, ಯಾವುದು ಕಡಿಮೆಯೋ ಅಷ್ಟು. ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ಎಷ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು.

ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಸುಮ್ಮನಿರಬೇಕಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು, ಪರಿಹಾರ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ತೀರ್ಮಾನವಾಗುತ್ತದೆ.

ವಿಮೆ ಮುಟ್ಟದ ಖರ್ಚು

ನಮ್ಮ ಬಹುಪಾಲು ವಿಮೆ ಆಸ್ಪತ್ರೆಯ ಹಾಸಿಗೆಯ ಸುತ್ತ ನಿಂತಿದೆ. ವೃದ್ಧಾಪ್ಯದ ಕಾಯಿಲೆ ನಡೆಯುವುದು ಮನೆಯಲ್ಲಿ. ತಿಂಗಳ ಮಾತ್ರೆ, ಇನ್ಸುಲಿನ್, ರಕ್ತ ಪರೀಕ್ಷೆ, ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣ ಸಾಧನ, ಪಾರ್ಶ್ವವಾಯುವಿನ ನಂತರದ ಫಿಸಿಯೊಥೆರಪಿ, ಮರೆವಿನ ಕಾಯಿಲೆಯ ತಾಯಿಯನ್ನು ಹಗಲಿರುಳು ನೋಡಿಕೊಳ್ಳುವವರ ಸಂಬಳ, ಇವುಗಳಲ್ಲಿ ಹೆಚ್ಚಿನದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಜಾಗವಿಲ್ಲ. ಆಯುಷ್ಮಾನ್ ಭಾರತ್ ಕೂಡ ದಾಖಲಾತಿಗೆ ಮುಂಚಿನ ಮೂರು ದಿನ, ನಂತರದ ಹದಿನೈದು ದಿನದ ಖರ್ಚನ್ನು ಸೇರಿಸಿಕೊಂಡು ಅಲ್ಲಿಗೆ ನಿಲ್ಲುತ್ತದೆ.

ಇದರ ಪರಿಣಾಮ ಕ್ರೂರವಾದದ್ದು. ತಿಂಗಳ ಮಾತ್ರೆಗೆ ಹಣ ಸಾಲದೆ ದಿನಬಿಟ್ಟು ದಿನ ನುಂಗುವವರಿದ್ದಾರೆ. ರಕ್ತದೊತ್ತಡದ ಮಾತ್ರೆ ತಪ್ಪಿದರೆ ಪಾರ್ಶ್ವವಾಯು, ಸಕ್ಕರೆ ಹತೋಟಿ ತಪ್ಪಿದರೆ ಡಯಾಲಿಸಿಸ್. ಸಣ್ಣ ಖರ್ಚನ್ನು ಕೈಬಿಟ್ಟ ವ್ಯವಸ್ಥೆ ಕೊನೆಗೆ ದೊಡ್ಡ ಖರ್ಚನ್ನು ಹೊರುತ್ತದೆ, ನರಳಾಟ ಮಾತ್ರ ರೋಗಿಯದು.

ಹೊರೆ ಹೆಚ್ಚು ಬೀಳುವುದು ಹೆಂಗಸರ ಮೇಲೆ. ಜೀವನವಿಡೀ ಮನೆಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ದುಡಿದವಳಿಗೆ ತನ್ನದೇ ಆದ ವಿಮೆಯಾಗಲಿ ಪಿಂಚಣಿಯಾಗಲಿ ಇಲ್ಲ. ಇದ್ದರೂ ಗಂಡನ ಹೆಸರಿನಲ್ಲಿ. ಅವನು ಹೋದ ಮೇಲೆ ಪಿಂಚಣಿ ತಗ್ಗುತ್ತದೆ, ಕೆಲವೊಮ್ಮೆ ವಿಮೆಯೂ ತಪ್ಪುತ್ತದೆ. ಹಾಸಿಗೆ ಹಿಡಿದವರ ಆರೈಕೆ ಮಾಡುವವರೂ ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ಕೆಲಸ ಬಿಟ್ಟು ಅತ್ತೆ ಮಾವನ ಬಳಿ ಕೂತ ಸೊಸೆ ಕಳೆದುಕೊಂಡ ಸಂಬಳವನ್ನು ಯಾವ ಲೆಕ್ಕಪತ್ರವೂ ಎಣಿಸುವುದಿಲ್ಲ. ಈ ಹೊರೆಯನ್ನು ಹಂಚಿಕೊಳ್ಳಲೆಂದೇ ಜಪಾನ್ 2000ರಲ್ಲೇ ದೀರ್ಘಾವಧಿ ಆರೈಕೆಗೆ ಪ್ರತ್ಯೇಕ ಸಾರ್ವಜನಿಕ ವಿಮೆ ತಂದಿತು. ಅದಕ್ಕೆ ವಂತಿಗೆ 40ನೇ ವಯಸ್ಸಿನಿಂದಲೇ ಶುರುವಾಗುತ್ತದೆ.

ಮಕ್ಕಳು ಅಮೆರಿಕದಲ್ಲಿರುವ ಹಿರಿಯರಿಗೂ ಒಂದು ಎಚ್ಚರಿಕೆ ಬೇಕು. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋದವರಿಗೆ ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಸಿಗುವುದಿಲ್ಲ. ಪ್ರವಾಸಿ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಇಲ್ಲಿನ ಪಾಲಿಸಿಯನ್ನು ಆ ಅವಧಿಯಲ್ಲಿ ನವೀಕರಿಸದೆ ಬಿಟ್ಟರೆ ವರ್ಷಗಟ್ಟಲೆ ಕೂಡಿಬಂದ ಹಕ್ಕುಗಳು ಕೈತಪ್ಪುತ್ತವೆ.

ಹೊಲಿಗೆ ಎಲ್ಲಿ ಹಾಕಬೇಕು

ವ್ಯಕ್ತಿಗಳು ಮಾಡಿಕೊಳ್ಳಬಹುದಾದ್ದು ಕೆಲವಿವೆ. ಕಂಪನಿಯ ವಿಮೆ ಇದ್ದರೂ ನಲವತ್ತರ ಹೊತ್ತಿಗೆ ಸ್ವಂತ ಪಾಲಿಸಿ ಮಾಡಿಸುವುದು, ಕಾಯಿಲೆಗಳನ್ನು ಮುಚ್ಚಿಡದೆ ಬರೆಯುವುದು, ನಿವೃತ್ತಿಗೆ ಮುಂಚೆ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಕೇಳುವುದು, ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಅಗ್ಗವಾಗಿ ಸಿಗುತ್ತದೆಯೇ ಎಂದು ವೈದ್ಯರೊಡನೆ ಮಾತಾಡುವುದು, ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಗಳನ್ನು ಮೊದಲ ಆಯ್ಕೆಯಾಗಿ ನೋಡುವುದು. ಆದರೆ ದುಡಿಮೆಯ ಕಾಲದಲ್ಲೇ ಪ್ರೀಮಿಯಂ ಕಟ್ಟಲಾಗದ ಕೋಟ್ಯಂತರ ಜನರಿಗೆ ಈ ಸಲಹೆಗಳಿಂದ ಏನೂ ಆಗದು. ಉಳಿದದ್ದು ಸರ್ಕಾರದ ಕೆಲಸ.

ಮೊದಲನೆಯದು, 60ರಿಂದ 70ರ ಅಂತರ ಮುಚ್ಚುವುದು. ಇದಕ್ಕೆ ಕರ್ನಾಟಕದ ಬಳಿ ಸ್ವಂತ ಅನುಭವವಿದೆ. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಂದ ಸಣ್ಣ ವಂತಿಗೆ ಕೂಡಿಸಿ, ಎಳೆಮಗುವಿನಿಂದ 75ರ ವೃದ್ಧರವರೆಗೆ ಒಂದೇ ಗುಂಪಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು, 2022–23ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ಜನಕ್ಕೆ ಅದು ಬೇಕಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ತತ್ತ್ವದ ಮೇಲೆ ದುಡಿಯುವ ವಯಸ್ಸಿನಲ್ಲೇ ಸೇರಿ, ನಿವೃತ್ತಿಯ ನಂತರವೂ ಅದೇ ಗುಂಪಿನಲ್ಲಿ ಉಳಿಯುವ ವಂತಿಗೆ ಯೋಜನೆಯನ್ನು ಎಪಿಎಲ್ ಕುಟುಂಬಗಳಿಗೂ, ಸರ್ಕಾರಿ ನಿವೃತ್ತರಿಗೂ, ಕೆಲಸ ಬಿಟ್ಟ ಗಾರ್ಮೆಂಟ್ ಕಾರ್ಮಿಕರಿಗೂ ತೆರೆಯಬೇಕು. ನಿವೃತ್ತರಿಗೆಂದೇ ಇನ್ನೊಂದು ಪ್ರತ್ಯೇಕ ಯೋಜನೆ ಮಾಡಿದರೆ ಬ್ಯಾಂಕ್ ನಿವೃತ್ತರ ಕಥೆ ಮರುಕಳಿಸುತ್ತದೆ.

ಎರಡನೆಯದು, ತಿಂಗಳ ಔಷಧ. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ವರ್ಷದ ಯಾವ ತಿಂಗಳಲ್ಲೂ ಖಾಲಿಯಾಗಬಾರದು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಹೋಗಿ ತಪಾಸಣೆ ಮಾಡುವ ಸರಿಯಾದ ಆಲೋಚನೆ. ಅದು ಹಾಸಿಗೆ ಹಿಡಿದವರ ಆರೈಕೆಯವರೆಗೂ ಬೆಳೆಯಬೇಕು.

ಮೂರನೆಯದು, ಬೆಲೆ. 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗೂ ಆಗಸ್ಟ್‌ನಲ್ಲಿ ಕೃತಕ ಮಂಡಿಗೂ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿತು. ಆಸ್ಪತ್ರೆಗಳು ಮುಚ್ಚಲಿಲ್ಲ, ಶಸ್ತ್ರಚಿಕಿತ್ಸೆಗಳು ನಿಲ್ಲಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ತನ್ನ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ದರ ನಿಯಂತ್ರಣದ ಭಾಗ ಸೊರಗಿತು. ಆಸ್ಪತ್ರೆ ನಡೆಸುವವರ ಕಷ್ಟಗಳು ನಿಜ, ಸರ್ಕಾರ ಬಾಕಿಯನ್ನು ಸಕಾಲಕ್ಕೆ ಕೊಡಲೇಬೇಕು. ಆದರೆ ದರಕ್ಕೆ ಯಾವ ಹಿಡಿತವೂ ಇಲ್ಲದೆ ವಿಮೆಯ ಮೊತ್ತವನ್ನಷ್ಟೇ ಏರಿಸುತ್ತ ಹೋದರೆ ಆ ಹಣ ಬಿಲ್ಲಿನೊಳಗೇ ಕರಗುತ್ತದೆ.

ಹಿರಿಯರಿಗೆ ಚಿಕಿತ್ಸೆ ಕೊಡಿಸುವುದು ಮಕ್ಕಳ ಧರ್ಮ ಎಂದು 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಅದು ಸರಿಯಾದ ಮಾತು. ಅದೇ ಕಾಯ್ದೆಯ 20ನೇ ಕಲಮು ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸಾಧ್ಯವಾದಷ್ಟು ಹಾಸಿಗೆ, ಪ್ರತ್ಯೇಕ ಸಾಲು ಇರಬೇಕೆಂದೂ ಹೇಳುತ್ತದೆ. ಮಕ್ಕಳ ಕರ್ತವ್ಯವನ್ನು ನ್ಯಾಯಮಂಡಳಿಯ ಮುಂದೆ ನಿಲ್ಲಿಸುವ ಸರ್ಕಾರ ತನ್ನ ಕರ್ತವ್ಯವನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಲಿ. ನಿವೃತ್ತ ನೌಕರರ ಸಂಘ, ಸಹಕಾರ ಸಂಘ, ಗಾರ್ಮೆಂಟ್ ಕಾರ್ಮಿಕರ ಯೂನಿಯನ್ನುಗಳು ಇಂದು ಬೇರೆ ಬೇರೆ ಮನವಿಪತ್ರ ಹಿಡಿದು ಬೇರೆ ಬೇರೆ ಇಲಾಖೆಗಳ ಮುಂದೆ ನಿಂತಿವೆ. ಎಲ್ಲರೂ ಒಂದೇ ಗುಂಪಿನಲ್ಲಿರಬೇಕು ಎಂಬ ಒಂದೇ ಬೇಡಿಕೆಯನ್ನು ಅವರು ಒಟ್ಟಾಗಿ ಇಟ್ಟರೆ, ಅದನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.